ಸೊನ್ನೆ, ಮೂರು, ಐದು

ಗಿಟಾರ್ ಹಿಡಿದ ಯಾರನ್ನಾದರೂ ‘ಸ್ಮೋಕ್ ಆನ್ ದ ವಾಟರ್’ ನುಡಿಸಲು ಬರುತ್ತಾ ಎಂದು ಕೇಳಿ ನೋಡಿ. ‘ಅಯ್ಯೋ, ಅದಾ? ಅದು ಮೊದಲನೇ ದಿನವೇ ಬರುತ್ತೆ ಬಿಡಿ’ ಅನ್ನುತ್ತಾರೆ. ಅಂಗಡಿಯಲ್ಲಿ ಹೊಸ ಗಿಟಾರ್ ಎತ್ತಿಕೊಂಡವರೆಲ್ಲ ಮೊದಲು ಬಾರಿಸುವುದು ಇದನ್ನೇ, ಹಾಗಾಗಿ ಇದು ಕಿವಿಗೆ ಬಿದ್ದ ಕೂಡಲೇ ಅಂಗಡಿಯ ಹುಡುಗರು ಮುಖ ಕಿವುಚುತ್ತಾರೆ ಎಂಬ ಜೋಕು ಪ್ರಪಂಚದಲ್ಲೆಲ್ಲ ಇದೆ. 2007ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1,700ಕ್ಕೂ ಹೆಚ್ಚು ಮಂದಿ ಒಟ್ಟಿಗೆ ನಿಂತು ಗಿಟಾರಿನಲ್ಲಿ ಈ ಹಾಡನ್ನು ನುಡಿಸಿ ದಾಖಲೆ ಮಾಡಿದರು. ಅಷ್ಟು ಜನಕ್ಕೆ ಏಕಕಾಲಕ್ಕೆ ಬರುವ ಹಾಡು ಮತ್ತೊಂದಿರಲಾರದು.

ನನ್ನ ತಕರಾರು ಇಷ್ಟೇ. ಹೀಗೆ ‘ಬರುತ್ತೆ’ ಅನ್ನುವವರಲ್ಲಿ ಹೆಚ್ಚಿನವರಿಗೆ ಈ ಹಾಡು ಬರುವುದಿಲ್ಲ. ಅವರಿಗೆ ಬರುವುದು ಮೂರು ಅಂಕಿ. ಸೊನ್ನೆ, ಮೂರು, ಐದು. ಅಂಕಿ ಕಲಿತವರಿಗೆ ‘ನೀನು ಹಾಡು ಕಲಿತೆ’ ಎಂದು ನಂಬಿಸುವ ಪದ್ಧತಿಯೊಂದು ನಮ್ಮ ಸುತ್ತ ಬೆಳೆದು ನಿಂತಿದೆ. ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಬೇಕರಿಯ ಮೇಲಿನ ಮಹಡಿಯ ಗಿಟಾರ್ ಕ್ಲಾಸುಗಳಿಂದ ಹಿಡಿದು ‘ಹತ್ತೇ ನಿಮಿಷದಲ್ಲಿ ಕಲಿಯಿರಿ’ ಎನ್ನುವ ವೀಡಿಯೊಗಳವರೆಗೆ ಎಲ್ಲವೂ ಇದೇ ಪದ್ಧತಿಯ ಮೇಲೆ ನಡೆಯುತ್ತಿವೆ. ಅದಕ್ಕೆ ನಾವು ತಿಂಗಳ ಫೀಸನ್ನೂ ಕಟ್ಟುತ್ತಿದ್ದೇವೆ.

(ಪಿಎಚ್‌.ಡಿ. ಮಾಡುವವರಿಗೆ ಇದಕ್ಕೆಲ್ಲ ಟೈಮ್ ಎಲ್ಲಿಂದ ಸಿಗುತ್ತೆ ಎಂದು ಕೇಳುವವರಿಗೆ: ಟೈಮ್ ಇರುವುದೇ ನಮಗೆ. ಸರಿಯಾಗಿ ಬಾರದ್ದು ಫೆಲೋಶಿಪ್ಪು ಮಾತ್ರ.)

ಹಾಡಿನ ಕಥೆ ಬಹಳ ಜನಕ್ಕೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾನ ಕಛೇರಿ ನಡೆಯುತ್ತಿತ್ತು. ಪ್ರೇಕ್ಷಕರಲ್ಲಿ ಯಾರೋ ಫ್ಲೇರ್ ಗನ್ ಹಾರಿಸಿದರು. ಚಾವಣಿಗೆ ಬೆಂಕಿ ಹತ್ತಿ ಕ್ಯಾಸಿನೋ ಪೂರ್ತಿ ಸುಟ್ಟುಹೋಯಿತು. ಜೀವಹಾನಿ ಆಗಲಿಲ್ಲ. ಅದೇ ಕಟ್ಟಡದಲ್ಲಿ ತಮ್ಮ ಹೊಸ ಆಲ್ಬಂ ಧ್ವನಿಮುದ್ರಿಸಲೆಂದು ಇಂಗ್ಲೆಂಡಿನ ಡೀಪ್ ಪರ್ಪಲ್ ಬ್ಯಾಂಡಿನವರು ಊರಿಗೆ ಬಂದಿದ್ದರು. ಜಿನೀವಾ ಸರೋವರದ ನೀರಿನ ಮೇಲೆ ಹೊಗೆ ಹಬ್ಬಿದ್ದನ್ನು ಅವರು ಕಣ್ಣಾರೆ ಕಂಡರು. ಕೆಲ ದಿನಗಳ ಮೇಲೆ ಬೇಸ್ ಗಿಟಾರಿನ ರೋಜರ್ ಗ್ಲೋವರ್ ನಿದ್ದೆಯಿಂದ ಎದ್ದಾಗ ಹಾಡಿನ ಶೀರ್ಷಿಕೆ ಬಾಯಲ್ಲಿತ್ತಂತೆ. ವಾದ್ಯಗಳ ಭಾಗವನ್ನು ಅವರು ಊರಿನ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ರಾತ್ರಿ ಹೊತ್ತು ನುಡಿಸುತ್ತಿದ್ದರು. ಗಲಾಟೆ ತಾಳಲಾರದೆ ಅಕ್ಕಪಕ್ಕದವರು ಪೊಲೀಸರನ್ನು ಕರೆದರು. ಪೊಲೀಸರು ಬಾಗಿಲು ಬಡಿಯುತ್ತಿದ್ದರೆ ಒಳಗಿನ ಸಹಾಯಕರು ಅದನ್ನು ಒತ್ತಿ ಹಿಡಿದಿದ್ದರು, ಅಷ್ಟರಲ್ಲಿ ನುಡಿಸಿ ಮುಗಿಸಿದೆವು ಎಂದು ಬ್ಯಾಂಡಿನವರು ಹೇಳಿಕೊಂಡಿದ್ದಾರೆ. ಉಳಿದ ಆಲ್ಬಮ್ಮನ್ನು ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರಾಂಡ್ ಹೋಟೆಲಿನ ಖಾಲಿ ಓಣಿಗಳಲ್ಲಿ, ಗೋಡೆಗೆ ಹಾಸಿಗೆ ಒರಗಿಸಿಕೊಂಡು ಮುಗಿಸಿದರು. ‘ಮಷೀನ್ ಹೆಡ್’ ಹೊರಬಂದದ್ದು 1972ರ ಮಾರ್ಚಿನಲ್ಲಿ. ಮರುವರ್ಷ ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು.

ಈ ಕಥೆಯನ್ನು ಚೆನ್ನಾಗಿ ಹೇಳುವವರು ಬೇಕಾದಷ್ಟಿದ್ದಾರೆ. ಗಿಟಾರ್ ಕ್ಲಾಸಿನಲ್ಲೂ ಹೇಳುತ್ತಾರೆ. ಸ್ವರದ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಅವಸರ.

ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಸಣ್ಣ ಸ್ವರಗುಚ್ಛವನ್ನು ರಾಕ್ ಸಂಗೀತದಲ್ಲಿ ರಿಫ್ ಅನ್ನುತ್ತಾರೆ. ಇದರ ರಿಫ್ಫನ್ನು ನಮ್ಮ ಸ್ವರಗಳಲ್ಲಿ ಬರೆದುಕೊಂಡರೆ ಹೀಗಿದೆ: ಸ ಗ ಮ, ಸ ಗ ಮ ಮ, ಸ ಗ ಮ ಗ ಸ. ಗಾಂಧಾರ ಸಾಧಾರಣ ಗಾಂಧಾರ. ಎರಡನೇ ತುಣುಕಿನಲ್ಲಿ ಅಕ್ಕಪಕ್ಕ ಬಂದ ಎರಡು ಮಧ್ಯಮಗಳಲ್ಲಿ ಮೊದಲನೆಯದು ಪ್ರತಿ ಮಧ್ಯಮ, ಎರಡನೆಯದು ಶುದ್ಧ ಮಧ್ಯಮ. ಒಟ್ಟು ನಾಲ್ಕೇ ಸ್ವರಸ್ಥಾನ. ಕ್ಲಾಸಿನಲ್ಲಿ ಇದನ್ನು ಗಿಟಾರಿನ ಒಂದೇ ತಂತಿಯ ಮೇಲೆ ಹೇಳಿಕೊಡುತ್ತಾರೆ. ಬಿಟ್ಟ ತಂತಿ ಸೊನ್ನೆ, ಮೂರನೇ ಫ್ರೆಟ್, ಐದನೇ ಫ್ರೆಟ್. ಸೊನ್ನೆ, ಮೂರು, ಆರು, ಐದು. ನಿಜಕ್ಕೂ ಮೊದಲನೇ ದಿನವೇ ಬರುತ್ತದೆ. ಆರು ತಿಂಗಳು ಕಳೆದ ಮೇಲೆ ‘ಪವರ್ ಕಾರ್ಡ್’ ಎಂಬುದನ್ನು ಕಲಿಸಿ, ಪ್ರತಿ ಸ್ವರದ ಜೊತೆಗೆ ಅದರ ಮೇಲಿನ ಪಂಚಮವನ್ನು ಸೇರಿಸಿ ಬಾರಿಸು ಅನ್ನುತ್ತಾರೆ. ಅಲ್ಲಿಗೆ ಹಾಡು ‘ಕಂಪ್ಲೀಟ್’.

ಮೂಲದಲ್ಲಿ ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ್ದು ಇದ್ಯಾವುದನ್ನೂ ಅಲ್ಲ. ಅವನು ಗಿಟಾರಿನ ನಡುವಿನ ಎರಡು ತಂತಿಗಳನ್ನು ಒಟ್ಟಿಗೆ ಹಿಡಿಯುತ್ತಾನೆ. ಮೇಲಿನ ಸ್ವರ ಷಡ್ಜವಾದರೆ ಅದರ ಕೆಳಗೆ ಮಂದ್ರ ಪಂಚಮ. ಮೇಲೆ ಗಾಂಧಾರ ಬಂದಾಗ ಕೆಳಗೆ ಮಂದ್ರ ನಿಷಾದ, ಮೇಲೆ ಮಧ್ಯಮವಾದರೆ ಕೆಳಗೆ ಷಡ್ಜ. ಅಂದರೆ ಪಂಚಮ ಷಡ್ಜದ ಮೇಲೆ ಕೂರುವುದಿಲ್ಲ, ಕೆಳಗೆ ಕೂರುತ್ತದೆ. ಹೆಸರು ಹಿಡಿದು ನೋಡಿದರೆ ಪವರ್ ಕಾರ್ಡಿನಲ್ಲಿರುವ ಅವೇ ಎರಡು ಸ್ವರಗಳು ಇಲ್ಲೂ ಇವೆ, ತಲೆಕೆಳಗಾಗಿ ಅಷ್ಟೆ. ‘ಅದೇ ತಾನೇ’ ಎಂದು ಕ್ಲಾಸಿನವರು ಕೈ ತೊಳೆದುಕೊಳ್ಳುವುದೂ ಈ ಜಾಗದಲ್ಲೇ.

ಕಿವಿಗೆ ಅದು ಅದೇ ಅಲ್ಲ. ಇದು ತಿಳಿಯಲು ಬ್ಲ್ಯಾಕ್‌ಮೋರನ ಆಂಪ್ ಬೇಕಿಲ್ಲ, ಮನೆಯಲ್ಲಿ ತಂಬೂರಿ ಇದ್ದರೆ ಸಾಕು, ಇಲ್ಲದಿದ್ದರೆ ಮೊಬೈಲಿನ ತಂಬೂರಿ. ತಂಬೂರಿಯ ಮೊದಲ ತಂತಿ ಮಂದ್ರ ಪಂಚಮ, ಆಮೇಲಿನದು ಸಾರಣಿ, ಅಂದರೆ ಮಧ್ಯ ಷಡ್ಜ. ಪಂಚಮ ಕೆಳಗಿದೆ, ಷಡ್ಜ ಅದರ ಮೇಲಿದೆ. ಆದರೂ ಪಂಚಮವನ್ನು ಆಧಾರ ಎಂದು ಯಾರ ಕಿವಿಯೂ ತಿಳಿಯುವುದಿಲ್ಲ. ಅದು ಷಡ್ಜಕ್ಕೆ ಒತ್ತಾಸೆಯಾಗಿ ನಿಂತು ಷಡ್ಜವನ್ನೇ ಮೇಲಕ್ಕೆತ್ತುತ್ತದೆ. ಬ್ಲ್ಯಾಕ್‌ಮೋರನ ಎರಡು ತಂತಿಗಳ ನಡುವಿನ ಅಂತರ ನಮ್ಮ ತಂಬೂರಿಯ ಪ–ಸ ಅಂತರವೇ. ಅವನೇನೂ ನಮ್ಮಿಂದ ಎರವಲು ಪಡೆಯಲಿಲ್ಲ. ಹೀಗೆ ಎರಡು ದನಿಗಳು ನಾಲ್ಕು ಸ್ವರದ ಅಂತರ ಇಟ್ಟುಕೊಂಡು ಜೊತೆಜೊತೆಗೆ ಸಾಗುವುದು ಯುರೋಪಿನ ಚರ್ಚುಗಳ ಹಾಡುಗಾರಿಕೆಯಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು. ಆ ಹಳೆಯ ಸಂಗೀತದ ಮೇಲೆ ಅವನಿಗಿದ್ದ ಮೋಹ ಎಷ್ಟೆಂದರೆ, 1997ರಲ್ಲಿ ರಾಕ್ ಬಿಟ್ಟು ಅದೇ ಧಾಟಿಯ ಹಾಡುಗಳಿಗೆಂದೇ ಬೇರೆ ತಂಡ ಕಟ್ಟಿದ.

ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಹಾಡಿನ ತೂಕ ಇರುವುದೇ ಅಲ್ಲಿ. ಬ್ಲ್ಯಾಕ್‌ಮೋರ್ ಮೀಟುವ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 147, ಮೇಲಿನದು 196. ಆಂಪನ್ನು ಗದರುವಷ್ಟು ಏರಿಸಿ ದನಿಯನ್ನು ಒಡೆದಾಗ, ಅಂದರೆ ಡಿಸ್ಟಾರ್ಷನ್ ಬಂದಾಗ, ಈ ಎರಡರ ವ್ಯತ್ಯಾಸದ ಕಂಪನವೂ ತಾನಾಗಿ ಹುಟ್ಟುತ್ತದೆ. 196ರಲ್ಲಿ 147 ಕಳೆದರೆ 49. ಅದು ಮತ್ತದೇ ಷಡ್ಜ, ಎರಡು ಸ್ಥಾಯಿ ಕೆಳಗಿನದು. ಯಾರೂ ಮೀಟದ, ಗಿಟಾರಿನ ಅತಿ ದಪ್ಪ ತಂತಿಗೂ ನಿಲುಕದಷ್ಟು ಆಳದ ಷಡ್ಜವೊಂದು ನೆರಳಿನ ಹಾಗೆ ಬಂದು ಕೂರುತ್ತದೆ. ಪವರ್ ಕಾರ್ಡಿನಲ್ಲೂ ಇಂಥ ನೆರಳು ಹುಟ್ಟುತ್ತದೆ, ನಿಜ. ಆದರೆ ಅಲ್ಲಿ ಷಡ್ಜ ಆಗಲೇ ಕೆಳಗೆ ಕೂತಿದೆ, ನೆರಳು ಅದಕ್ಕೆ ಇನ್ನಷ್ಟು ಮಣ್ಣು ಮೆತ್ತುತ್ತದೆ. ಇಲ್ಲಿ ಷಡ್ಜ ಮೇಲೆ ತೆಳ್ಳಗೆ, ಸ್ಪಷ್ಟವಾಗಿ ಕೇಳುತ್ತಿದೆ. ತೂಕ ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಆ ಗೊತ್ತಾಗದಿರುವಿಕೆಗೇ ಐವತ್ತು ವರ್ಷದಿಂದ ಜನ ತಲೆದೂಗುತ್ತಿದ್ದಾರೆ. ಒಂದೇ ತಂತಿಯ ಸೊನ್ನೆ–ಮೂರು–ಐದರಲ್ಲಿ ಇದರ ವಾಸನೆಯೂ ಇಲ್ಲ.

ಮೀಟುವ ಕೈ ಬೇರೆ. ಅವನು ಇಲ್ಲಿ ಪಿಕ್ ಬಳಸುವುದಿಲ್ಲ. ಪಿಕ್ ಒಂದು ತಂತಿಯನ್ನು ದಾಟಿ ಇನ್ನೊಂದಕ್ಕೆ ಹೋಗಬೇಕು, ಆ ನಡುವೆ ಕೂದಲೆಳೆಯಷ್ಟು ತಡ. ಎರಡು ಬೆರಳಲ್ಲಿ ಚಿವುಟಿದ ಹಾಗೆ ಎತ್ತಿದರೆ ಎರಡೂ ತಂತಿ ಒಂದೇ ಉಸಿರಿಗೆ ಮಾತಾಡುತ್ತವೆ. ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪಿಗೆ ಜೋಡಿಸಿ ಅದೇ ರಿಫ್ಫನ್ನು ಜೊತೆಗೆ ನುಡಿಸುತ್ತಾನೆ. ಆರ್ಗನ್ನಿನಲ್ಲಿ ಎರಡು ಮನೆ ಒತ್ತಿದರೆ ಎರಡೂ ಒಟ್ಟಿಗೇ ಹೊರಡುವುದು ತಾನೇ? ಗಿಟಾರೂ ಹಾಗೇ ಹೊರಟರೆ ಮಾತ್ರ ಎರಡು ವಾದ್ಯ ಬೆಸೆದುಕೊಳ್ಳುತ್ತವೆ.

ಇಷ್ಟಕ್ಕೂ ನಿಲ್ಲುವುದಿಲ್ಲ. ಕಾಲಪ್ರಮಾಣ ಇದೆ. ಮೊದಲ ಸ, ಗ, ಮ ಮೂರೂ ತಾಳದ ಪೆಟ್ಟಿನ ಮೇಲೆ ಬೀಳುತ್ತವೆ. ಎರಡನೇ ತುಣುಕಿನ ಸ, ಗ ಮತ್ತು ಪ್ರತಿ ಮಧ್ಯಮ ಪೆಟ್ಟುಗಳ ನಡುವಿನ ಖಾಲಿಯಲ್ಲಿ ಬೀಳುತ್ತವೆ, ನಾಲ್ಕನೆಯದಾದ ಶುದ್ಧ ಮಧ್ಯಮ ಮತ್ತೆ ಪೆಟ್ಟಿಗೆ ಬಂದು ಕೂರುತ್ತದೆ. ನೆಲದ ಮೇಲೆ ಮೂರು ಹೆಜ್ಜೆ, ಗಾಳಿಯಲ್ಲಿ ಮೂರು, ಮತ್ತೆ ನೆಲ. ನಮ್ಮಲ್ಲಿ ಅನಾಗತದ ಎಡುಪು ಇರುವ ಕೃತಿಯನ್ನು ಕೈಯಲ್ಲಿ ತಾಳ ಹಾಕಿಕೊಂಡು ಹಾಡಲು ಒದ್ದಾಡಿದವರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ. ಕ್ಲಾಸಿನಲ್ಲಿ ಕಲಿತ ಹುಡುಗರು ನುಡಿಸುವಾಗ ಎಲ್ಲ ಸ್ವರವೂ ನೆಲಕ್ಕೇ ಬೀಳುತ್ತವೆ, ಶಾಲೆಯ ಪಿ.ಟಿ. ಕವಾಯತಿನ ಹಾಗೆ.

ಹೀಗೆ ಆಗಲು ಮುಖ್ಯ ಕಾರಣ ಟ್ಯಾಬ್. ಆರು ಗೆರೆ ಎಳೆದು, ಯಾವ ತಂತಿಯಲ್ಲಿ ಎಷ್ಟನೇ ಫ್ರೆಟ್ ಒತ್ತಬೇಕು ಎಂದು ಅಂಕಿ ಬರೆಯುವ ಕ್ರಮ ಇದು. ಇಂಟರ್ನೆಟ್ಟು ಹುಟ್ಟಿಸಿದ ಕೂಸು ಅಂತ ಬೈಯುವ ಹಾಗಿಲ್ಲ. ಹದಿನಾರನೇ ಶತಮಾನದ ಯುರೋಪಿನಲ್ಲಿ ಲೂಟ್ ಎಂಬ ತಂತಿವಾದ್ಯಕ್ಕೆ ಟ್ಯಾಬ್ ಬರೆದು ಅಚ್ಚು ಹಾಕುತ್ತಿದ್ದರು. ಆದರೆ ಆ ಕಾಲದ ಟ್ಯಾಬಿನಲ್ಲಿ ಅಂಕಿಗಳ ಮೇಲೆ ಕಾಲಪ್ರಮಾಣದ ಗುರುತೂ ಇರುತ್ತಿತ್ತು. ಇಂಟರ್ನೆಟ್ಟಿನಲ್ಲಿ ಹರಡಿಕೊಂಡಿರುವ ಬಹುಪಾಲು ಟ್ಯಾಬುಗಳಲ್ಲಿ ಅದೂ ಇಲ್ಲ. ಬೆರಳು ಎಲ್ಲಿಡಬೇಕು ಎನ್ನುತ್ತದೆ. ಯಾವ ಸ್ವರ ಹುಟ್ಟುತ್ತದೆ, ಯಾವಾಗ ಹುಟ್ಟಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಿಲ್ಲ. ಕಿವುಡರೂ ಟ್ಯಾಬ್ ನೋಡಿ ಬೆರಳಿಡಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ನಮ್ಮಲ್ಲಿ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಪ್ರಕಟಿಸುವಾಗ ಬರೀ ಸರಿಗಮ ಬರೆದು ಕೈಬಿಡಲಿಲ್ಲ, ಒಂದೊಂದು ಗಮಕಕ್ಕೂ ಬೇರೆ ಬೇರೆ ಚಿಹ್ನೆ ಬಳಸಿದರು. ಅಷ್ಟಾದರೂ ಆ ಪುಸ್ತಕವೊಂದನ್ನೇ ಇಟ್ಟುಕೊಂಡು ಕೀರ್ತನೆ ಕಲಿತೆ ಎಂದರೆ ಯಾವ ಮೇಷ್ಟರೂ ಒಪ್ಪುವುದಿಲ್ಲ. ಗಿಟಾರಿನ ವಿಷಯದಲ್ಲಿ ಮಾತ್ರ ಮೂರು ಅಂಕಿಗೆ ಎಲ್ಲರೂ ಒಪ್ಪಿಬಿಡುತ್ತೇವೆ.

ಇಲ್ಲಿ ಎರಡು ಕಡೆಯಿಂದ ಬೈಗುಳ ಬರುತ್ತದೆಂದು ಗೊತ್ತು. ಮೊದಲನೆಯದು ನನ್ನ ವಯಸ್ಸಿನವರದೇ. ‘ರಾಕ್ ಅಂದ್ರೆ ಬಂಡಾಯ ಕಣೋ, ಅದಕ್ಕೂ ಶಾಸ್ತ್ರ ತಂದಿಡ್ತೀಯಾ? ಹೆಂಗೆ ಬೇಕಾದ್ರೂ ನುಡಿಸಬಹುದು.’ ಖಂಡಿತ ನುಡಿಸಬಹುದು. ಬ್ಲ್ಯಾಕ್‌ಮೋರ್ ತಾನೇ ಒಂದು ಸಲ ನುಡಿಸಿದ ಹಾಗೆ ಇನ್ನೊಂದು ಸಲ ನುಡಿಸುವವನಲ್ಲ. ಅದೇ 1972ರ ಆಗಸ್ಟಿನಲ್ಲಿ ಜಪಾನಿನ ಕಛೇರಿಗಳಲ್ಲಿ ಮುದ್ರಿಸಿದ ‘ಮೇಡ್ ಇನ್ ಜಪಾನ್’ ಕೇಳಿ, ನಡುವಿನ ಸೋಲೋ ಬೇರೆಯೇ ಇದೆ. ಮೂಲದಲ್ಲಿ ಏನಿದೆ ಎಂದು ಕೇಳಿಸಿಕೊಂಡು, ಇದು ನನಗೆ ಬೇಡ ಎಂದು ಪಂಚಮವನ್ನು ಮೇಲಕ್ಕೆ ಒಯ್ದವರಿಗೆ ನನ್ನ ನಮಸ್ಕಾರ. ಆದರೆ ಕ್ಲಾಸಿನಲ್ಲಿ ಹಂಚಿದ ಜೆರಾಕ್ಸ್ ಹಾಳೆಯ ಪ್ರಕಾರ ಎಲ್ಲರೂ ಒಂದೇ ಥರ ಬಾರಿಸಿ ಅದಕ್ಕೆ ಬಂಡಾಯ ಎಂದು ಹೆಸರಿಟ್ಟರೆ ಹೇಗೆ? ಹಾಳೆಯಲ್ಲಿದ್ದದ್ದನ್ನು ಒಪ್ಪಿಸುವುದಕ್ಕೆ ನಮ್ಮೂರಲ್ಲಿ ಕಂಠಪಾಠ ಅನ್ನುತ್ತಾರೆ.

ಎರಡನೆಯದು ಹಿರಿಯರದು. ‘ನಾಲ್ಕು ಸ್ವರ ಇಟ್ಕೊಂಡು ಕಿರುಚೋದಕ್ಕೆ ಇಷ್ಟು ದೊಡ್ಡ ವ್ಯಾಖ್ಯಾನವೇ?’ ಕಡಿಮೆ ಸ್ವರ ಇದ್ದರೆ ಕಡಿಮೆ ಸಂಗೀತ ಎಂಬ ಲೆಕ್ಕ ಎಲ್ಲಿಂದ ಬಂತೋ ನನಗೆ ತಿಳಿಯದು. ತಂಬೂರಿಯಲ್ಲಿ ಇರುವುದು ಎರಡೇ ಸ್ವರ, ಅದನ್ನು ಶ್ರುತಿ ಸೇರಿಸಲು ಕೂತವರ ಮುಖ ನೋಡಿದ್ದೀರಲ್ಲ? ಸ್ವರ ಕಡಿಮೆಯಾದಷ್ಟೂ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ. ಅಲ್ಲದೆ ಈ ಹಿರಿಯರ ತಿರಸ್ಕಾರ ಮತ್ತು ಕ್ಲಾಸಿನವರ ‘ಇದು ಬಿಗಿನರ್ ಹಾಡು’ ಎಂಬ ಹಣೆಪಟ್ಟಿ ಎರಡೂ ಒಂದೇ ಮಾತು ಹೇಳುತ್ತಿವೆ. ಇದರಲ್ಲಿ ಕೇಳಿಸಿಕೊಳ್ಳುವಂಥದ್ದೇನೂ ಇಲ್ಲ, ದಾಟಿಕೊಂಡು ಮುಂದೆ ಹೋಗಿ, ಅಷ್ಟೆ.

ನನಗೆ ಸಿಟ್ಟು ಬರುವುದು ಈ ‘ಮುಂದೆ ಹೋಗಿ’ಯ ಮೇಲೆ. ಯಾಕೆಂದರೆ ಇದು ಗಿಟಾರಿನ ರೋಗವಷ್ಟೇ ಅಲ್ಲ, ನಾನು ಹೊಟ್ಟೆಪಾಡಿಗೆ ನೆಚ್ಚಿಕೊಂಡಿರುವ ವಿದ್ಯೆಯ ರೋಗವೂ ಹೌದು. ಕನ್ನಡ ಎಂ.ಎ. ಮುಗಿಸಿ ಅರ್ಹತಾ ಪರೀಕ್ಷೆಗೆ ಕೂರುವವರು ಯಾವ ಕಾವ್ಯ ಯಾವ ಕವಿಯದು, ಆಶ್ರಯ ಕೊಟ್ಟ ರಾಜ ಯಾರು, ಎಷ್ಟು ಆಶ್ವಾಸ ಎಂದು ಹೊಂದಿಸಿ ಬರೆಯುವುದರಲ್ಲಿ ಪಳಗಿರುತ್ತಾರೆ. ಪಂಪನ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ ಅಂದರೆ ಎಲ್ಲಿ ಉಸಿರು ನಿಲ್ಲಿಸಬೇಕೆಂದು ತಿಳಿಯದೆ ತಡವರಿಸುತ್ತಾರೆ. ಆಶ್ವಾಸದ ಸಂಖ್ಯೆ ನಮ್ಮ ಟ್ಯಾಬ್. ಪುಸ್ತಕ ಬಿಡಿಸದೆ ಅದರ ಬಗ್ಗೆ ಬಂದ ಎರಡು ಲೇಖನ ಓದಿ ಅಡಿಟಿಪ್ಪಣಿ ಹಾಕುವ ಸಂಶೋಧನೆಗೂ, ಹಾಡು ಒಂದು ಸಲ ಪೂರ್ತಿ ಕೇಳದೆ ಅಂಕಿ ಒತ್ತುವ ಗಿಟಾರಿಗೂ ನಡುವೆ ಎಷ್ಟು ದೂರ? ಎರಡರಲ್ಲೂ ‘ಗೊತ್ತು’ ಎಂಬ ಮಾತು ಬೇಗ ಬರುತ್ತದೆ, ಬಂದ ಮೇಲೆ ಯಾರೂ ಹಿಂದಿರುಗಿ ನೋಡುವುದಿಲ್ಲ. ಹಾಡನ್ನು ಹಾಳು ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅದು ನಿನಗೆ ಬರುತ್ತದೆ ಎಂದು ಹೇಳಿದರಾಯಿತು.

ಹಾಗಾದರೆ ಕಲಿಯುವುದು ಹೇಗೆ ಎಂದರೆ, ಗಿಟಾರ್ ಪಕ್ಕಕ್ಕಿಟ್ಟು. ಹಿಂದಿನ ತಲೆಮಾರಿನವರು ನಿಮಿಷಕ್ಕೆ 33 ಸುತ್ತು ತಿರುಗುವ ರೆಕಾರ್ಡನ್ನು 16ಕ್ಕೆ ಇಳಿಸಿ, ಒಂದು ಸ್ಥಾಯಿ ಕೆಳಗೆ ಗೊಗ್ಗರು ದನಿಯಲ್ಲಿ ಕೇಳಿಸುವುದನ್ನು ಮತ್ತೆ ಮತ್ತೆ ಕೇಳಿ ಸ್ವರ ಹೆಕ್ಕುತ್ತಿದ್ದರು. ಮುಳ್ಳು ಎತ್ತಿ ಎತ್ತಿ ಇಟ್ಟು ರೆಕಾರ್ಡು ಸವೆದುಹೋಗುತ್ತಿತ್ತು. ನಮಗೆ ಶ್ರುತಿ ಬದಲಾಗದೆ ವೇಗ ಅರ್ಧಕ್ಕಿಳಿಯುವ ಸೌಲಭ್ಯ ಫೋನಿನಲ್ಲೇ ಇದೆ. ಅವರಿಗಿದ್ದ ತೊಂದರೆ ಒಂದೂ ನಮಗಿಲ್ಲ. ಹಾಗಾಗಿ ದೋಷವನ್ನು ಮೊಬೈಲಿನ ತಲೆಗೆ ಕಟ್ಟಲು ನಾನು ತಯಾರಿಲ್ಲ. ಮೊದಲು ರಿಫ್ಫನ್ನು ಬಾಯಲ್ಲಿ ಹಾಡಬೇಕು, ಕೈಯಲ್ಲಿ ತಾಳ ಹಾಕಿಕೊಂಡು. ನಿಮಿಷಕ್ಕೆ ಸುಮಾರು 112 ಪೆಟ್ಟಿನ ವೇಗ ಅದರದು, ಅರವತ್ತರಿಂದ ಶುರು ಮಾಡಬಹುದು. ಗಾಳಿಯಲ್ಲಿ ಬೀಳುವ ಮೂರು ಸ್ವರ ಗಾಳಿಯಲ್ಲೇ ಬೀಳುವವರೆಗೆ ತಂತಿ ಮುಟ್ಟುವ ಹಾಗಿಲ್ಲ. ಆಮೇಲೆ ಪ್ರತಿ ಮಧ್ಯಮದಿಂದ ಶುದ್ಧ ಮಧ್ಯಮಕ್ಕೆ ಇಳಿಯುವ ಆ ಅರ್ಧ ಹೆಜ್ಜೆ. ಹಾಡಿನ ಕಹಿಯೆಲ್ಲ ಇರುವುದು ಅಲ್ಲಿ. ಅದನ್ನು ಬಾಯಲ್ಲಿ ಸರಿಯಾಗಿ ಹಿಡಿದವರಿಗೆ ತಂತಿಯ ಮೇಲೆ ‘ಆರು, ಐದು’ ಎಂದು ಹೇಳಿಕೊಡಬೇಕಾಗಿಲ್ಲ, ಬೆರಳು ತಾನೇ ಹುಡುಕಿಕೊಂಡು ಹೋಗುತ್ತದೆ. ಎರಡು ತಂತಿಯನ್ನು ಒಂದೇ ಬೆರಳಿನಲ್ಲಿ ಅಡ್ಡಲಾಗಿ ಒತ್ತಿ, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಎತ್ತಿ ನೋಡಿ. ಮೂರೂವರೆ ಸಾವಿರದ ಗಿಟಾರ್ ಆದರೂ ನಡೆಯುತ್ತದೆ. ಆಂಪ್ ಇಲ್ಲದ ಗಿಟಾರಿನಲ್ಲಿ ನೆರಳಿನ ಷಡ್ಜ ಸಿಗುವುದಿಲ್ಲ, ದನಿ ಬೇಗ ಸಾಯುತ್ತದೆ, ಆದರೆ ಪಂಚಮ ಕೆಳಗಿದ್ದರೆ ಏನಾಗುತ್ತದೆ ಎಂದು ಕಿವಿಗೆ ತಿಳಿಯಲು ಅಷ್ಟು ಸಾಕು. ನನಗೆ ಇದಕ್ಕೆ ಎರಡು ತಿಂಗಳು ಹಿಡಿಯಿತು. ಹತ್ತು ನಿಮಿಷದವರ ಲೆಕ್ಕದಲ್ಲಿ ಅಷ್ಟರಲ್ಲಿ ನಾನು ಕೆಲವು ಸಾವಿರ ಹಾಡು ಕಲಿಯಬಹುದಿತ್ತು.

ಮತ್ತೆ, ಇಡೀ ಹಾಡು ಕೇಳಿ. ಗಿಟಾರಿನವರಿಗೆ ಗಿಟಾರ್ ಮಾತ್ರ ಕೇಳಿಸುವ ಒಂದು ಕಾಯಿಲೆ ಇದೆ. ಮೊದಲು ಗಿಟಾರ್ ಒಂದೇ ಬರುತ್ತದೆ. ಆಮೇಲೆ ಇಯಾನ್ ಪೇಸ್‌ನ ಹೈ-ಹ್ಯಾಟ್ ತಾಳಗಳ ಚಿಟಿಚಿಟಿ, ಅದರೊಂದಿಗೆ ಲಾರ್ಡ್‌ನ ಆರ್ಗನ್, ಆಮೇಲೆ ಉಳಿದ ಡ್ರಮ್ಮುಗಳು. ಇಷ್ಟಾಗುವಾಗ ಅರ್ಧ ನಿಮಿಷ ಕಳೆದಿರುತ್ತದೆ. ಎಲ್ಲರಿಗಿಂತ ಕೊನೆಗೆ ಗ್ಲೋವರ್‌ನ ಬೇಸ್ ಒಳಬರುತ್ತದೆ, ರಿಫ್ಫಿನ ಬೆನ್ನು ಹತ್ತದೆ, ಒಂದೇ ಸ್ವರವನ್ನು ಬಿಡದೆ ಕುಟ್ಟುತ್ತ. ಆ ಸ್ವರ ಷಡ್ಜ. ಅಲ್ಲಿಯವರೆಗೆ ಯಾರೂ ಮೀಟದೆಯೇ ಕೇಳಿಸುತ್ತಿತ್ತಲ್ಲ, ಅದೇ.